ಎರಡು ಹಾರ್ನು, ಒಂದು ಠೀಕ್ ಆಹೆ

ಕಳೆದ ತಿಂಗಳು ಹೊಂಬಳದಲ್ಲಿ ನಮ್ಮ ಬಳಗದವರದೊಂದು ಮದುವೆ. ಮದುಮಗನನ್ನು ಕೂಡಿಸಿಕೊಂಡು ಬರಲಿಕ್ಕೆ ಹುಬ್ಬಳ್ಳಿಯಿಂದ ಭಾರೀ ಬೆಲೆಯ ಕಾರೊಂದನ್ನು ಬಾಡಿಗೆಗೆ ತಂದಿದ್ದರು. ಶನಿವಾರ ತಂದದ್ದು, ಸೋಮವಾರ ಮುಂಜಾನೆ ತಿರುಗಿ ಒಪ್ಪಿಸಬೇಕು. ಮದುಮಗನ ಅಪ್ಪ ಊಟದ ಪಂಕ್ತಿಯನ್ನೂ ನೋಡಲಿಲ್ಲ, ಬೀಗರ ಮುಖವನ್ನೂ ನೋಡಲಿಲ್ಲ; ಕಾರಿನ ಬಾಗಿಲ ಮೇಲೆ ಕೈ ಊರಿ ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು. ನಾನು ಒಂದು ಕಾಲಕ್ಕೆ ಡ್ರೈವರ್ ಆಗಿದ್ದೆನೆಂದು ಯಾರೋ ಹೇಳಿದ್ದರಿಂದ ನನ್ನ ಕೈ ಹಿಡಿದು ಕರೆದೊಯ್ದು, ಕೂತು ನೋಡಿರೆಂದು ಬಾಗಿಲು ತೆರೆದ. ಮೂಗಿಗೆ ಬಡಿದದ್ದು ಹದ ಮಾಡಿದ ತೊಗಲಿನ ವಾಸನೆ, ಅದರ ಮೇಲೆ ಯಾರೋ ಸಿಂಪಡಿಸಿದ ಅತ್ತರು. ಈ ಎರಡೂ ಕೂಡಿ ನನ್ನ ಮೂಗಿಗೆ ಬಂದು ಐವತ್ತು ವರ್ಷದ ಮೇಲಾಗಿತ್ತು... ನೆನಪಾದವನು ನಮ್ಮ ಸಾವಕಾರ.

ನೆನಪಾಗುವ ಯೋಗ್ಯತೆ ಅವನಿಗಿರಲಿಲ್ಲ. ಗದಗಿನ ಪೇಟೆಯಲ್ಲಿ ಅವನದೊಂದು ಹತ್ತಿ ದಲಾಲಿ ಅಂಗಡಿ ಇತ್ತು, ಅವನ ಲಾರಿಗೆ ನಾನು ಡ್ರೈವರ್. ನಾನು ಬೆಟಗೇರಿಯ ನೇಕಾರರ ಮನೆಯವನು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂಡುವುದು ಬೇಸರವಾಗಿ ಲಾರಿ ಕಲಿತಿದ್ದೆ. ಎದುರಿಗೆ ಅವನನ್ನು 'ನೀವು, ಸಾವಕಾರ್ರ' ಎನ್ನುತ್ತಿದ್ದೆ. ಈಗ ಅವನಿಲ್ಲ, ನನಗೂ ಎಂಬತ್ತು ದಾಟಿದೆ, ಆದ್ದರಿಂದ ಅವನು ಎಂದೇ ಬರೆಯುತ್ತೇನೆ. ಇಷ್ಟಾದರೂ ಸುಖ ನನಗಿರಲಿ.

ಇಂಗ್ಲಿಷ್ ಸಾಹೇಬರು ಬಂದಾಗ ಸ್ಟೇಶನ್ನಿನಲ್ಲಿ ಮೊದಲು ಹಾರ ಹಾಕುತ್ತಿದ್ದವನು ಅವನೇ. ಸ್ವಾತಂತ್ರ್ಯ ಬಂದ ಮುಂಜಾನೆ ಬಿಳಿ ಟೋಪಿ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ ನಿಂತು ಕೂಗಿದವನೂ ಅವನೇ. ಆ ಟೋಪಿಯ ಗಂಜಿ ಇನ್ನೂ ಆರಿರಲಿಲ್ಲ. ಹಾಗೆ ನೋಡಿದರೆ ಅವನ ತಲೆಯೊಳಗೆ ಏನೂ ಇರಲಿಲ್ಲ, ಇದ್ದದ್ದೆಲ್ಲ ತಲೆಯ ಮೇಲೆಯೇ.

ನಮ್ಮ ಸೀಮೆ ಆಗ ಹರಿದ ಕೌದಿಯಂತಿತ್ತು. ಗದಗ, ಮುಂಡರಗಿ ಇಂಗ್ಲಿಷರ ಮುಂಬೈ ಇಲಾಖೆಯಲ್ಲಿ. ಲಕ್ಷ್ಮೇಶ್ವರ, ಶಿರಹಟ್ಟಿ ಬೇರೆ ಬೇರೆ ಮರಾಠಿ ಸಂಸ್ಥಾನಿಕರ ಕೈಯಲ್ಲಿ. ಲಾರಿಯಲ್ಲಿ ಕೂತು ಒಂದು ಬೀಡಿ ಸೇದಿ ಮುಗಿಸುವುದರೊಳಗೆ ರಾಜ್ಯ ಬದಲಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳು ಮುಂಬೈ ಸರಕಾರದಲ್ಲಿ ಕೂಡಿಹೋದವು. ರಾಜರ ಕುದುರೆ, ಗಾಡಿ, ಗಡಿಯಾರಗಳು ಒಂದೊಂದಾಗಿ ಮಾರಾಟಕ್ಕೆ ಬಂದವು. ಹಾಗೆ ಬಂದದ್ದರಲ್ಲಿ ಒಂದು ಮೋಟಾರು ಹುಬ್ಬಳ್ಳಿಯ ದಲಾಲನೊಬ್ಬನ ಹತ್ತಿರ ಇತ್ತು. ನಮ್ಮ ಸಾವಕಾರ ಅವನ ಬಳಿ ಹೋಗಿ, ಕೊಳ್ಳುವ ಮೊದಲು ಶನಿವಾರ ರವಿವಾರ ಎರಡು ದಿನ ಓಡಿಸಿ ನೋಡುತ್ತೇನೆ ಎಂದ. ಕೊಳ್ಳುವ ಮಾತು ಅವನ ಕನಸಿನಲ್ಲೂ ಇರಲಿಲ್ಲ. ಆದರೆ ಗದಗಿನ ಪೇಟೆಯಲ್ಲಿ ಶುಕ್ರವಾರವೇ ಸುದ್ದಿ ಹಬ್ಬಿತ್ತು, ಸಾವಕಾರ ರಾಜರ ಮೋಟಾರು ಕೊಂಡನೆಂದು. ಹಬ್ಬಿಸಿದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಆ ಗಾಡಿಯ ಬಗ್ಗೆ ಸುಳ್ಳು ಹೇಳಲಾರೆ. ಅದನ್ನು ಓಡಿಸಿದ ಎರಡು ದಿನ ನನ್ನ ಕೈಗೆ ಬಂದ ಸುಖ ಮತ್ತೆ ಬರಲಿಲ್ಲ. ಎಂಜಿನ್ನಿನ ಸಪ್ಪಳವೇ ಇಲ್ಲ. ಬಂದ್ ಬಿತ್ತೆಂದು ತಿಳಿದು ಎರಡು ಸಲ ಇಳಿದು ನೋಡಿದೆ. ಸ್ಟೀಯರಿಂಗಿಗೆ ಬೆರಳು ತಾಗಿಸಿದರೆ ಸಾಕು, ತಿರುಗುತ್ತಿತ್ತು. ನನ್ನ ಲಾರಿಯನ್ನು ತಿರುಗಿಸಲಿಕ್ಕೆ ಹೆಗಲು ಕೊಡಬೇಕಾಗಿತ್ತು. ಬಾನೆಟ್ಟಿನ ತುದಿಗೆ ನಿಶಾನೆ ಸಿಗಿಸುವ ಹಿತ್ತಾಳೆ ಕಡ್ಡಿ. ಹಿಂದಿನ ಸೀಟು ಮೆತ್ತನೆಯ ತೊಗಲಿನದು, ಕಿಟಕಿಗಳಿಗೆ ರೇಶಿಮೆ ಪರದೆ, ಬಾಗಿಲ ಪಕ್ಕದಲ್ಲಿ ಹೂ ಇಡಲಿಕ್ಕೆಂದು ಮಾಡಿದ ಸಣ್ಣ ಬೆಳ್ಳಿಯ ಕುಡಿಕೆ. ಡ್ರೈವರಿಗೂ ಹಿಂದಿನವರಿಗೂ ನಡುವೆ ಗಾಜು. ಆ ಗಾಜನ್ನು ಸಾವಕಾರ ಸರಿಸಿಯೇ ಇಟ್ಟಿದ್ದ, ಇಲ್ಲದಿದ್ದರೆ ನನಗೆ ಅಪ್ಪಣೆ ಕೊಡುವ ಸುಖ ಅವನಿಗೆ ತಪ್ಪುತ್ತಿತ್ತು.

ಶನಿವಾರ ಮುಂಜಾನೆ ಅವನು ಮೈತುಂಬ ಅತ್ತರು ಬಳಿದುಕೊಂಡು, ಬಿಳಿ ಟೋಪಿ ತೆಗೆದು ಜರಿ ರುಮಾಲು ಸುತ್ತಿಕೊಂಡು ಬಂದು ಕೂತ. ಮಲ್ಲಸಮುದ್ರ ದಾಟುವುದರೊಳಗೆ ಬಾಯಲ್ಲಿ ಎಲೆಯಡಿಕೆ ತುಂಬಿತ್ತು. ಉಗುಳಬೇಕೆಂದರೆ ಗಾಜು ಇಳಿಸುವ ಹಿಡಿಕೆ ಅವನಿಗೆ ಸಿಗಲಿಲ್ಲ. ಅತ್ತ ಇತ್ತ ತಡವಿ ಕೊನೆಗೆ ಆ ಬೆಳ್ಳಿಯ ಕುಡಿಕೆಯೊಳಗೆ ಉಗುಳಿ, ನನ್ನ ಬೆನ್ನು ತಟ್ಟಿ ಹೇಳಿದ:

"ರಾಜರ ಗಾಡಿ ಅಂದ್ರ ಹಿಂಗಿರಬೇಕ್ ನೋಡಲೇ. ಪೀಕದಾನಿ ಸೈತ ಬೆಳ್ಳೀದು."

ನಾನು ತುಟಿ ಕಚ್ಚಿಕೊಂಡು ರಸ್ತೆ ನೋಡಿದೆ. ಆ ಎರಡು ದಿನ ಅವನು ಅದರೊಳಗೇ ಉಗುಳಿದ.

ಲಕ್ಷ್ಮೇಶ್ವರದಲ್ಲಿ ನಾವು ಪೇಟೆಯೊಳಗೆ ಹೋದ ಕೂಡಲೇ ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ಮುದುಕರು ನಡು ಬಗ್ಗಿಸಿ ಮುಜರೆ ಮಾಡಿದರು. ಸಂಸ್ಥಾನದ ಮಂದಿಗೆ ಅದು ರೂಢಿ. ದೊಡ್ಡ ಮೋಟಾರು ಕಂಡರೆ ಕಾಲು ತಾವಾಗಿ ಏಳುತ್ತಿದ್ದವು. ಗದಗಿನಲ್ಲಿ ನಮಗೆ ಆ ಚಟ ಇರಲಿಲ್ಲ. ಸಾವಕಾರ ಮೊದಲು ಬೆಚ್ಚಿದ, ಆಮೇಲೆ ಹಿಗ್ಗಿದ, ಆಮೇಲೆ ಪರದೆ ಪೂರ್ತಿ ಸರಿಸಿ, ನನ್ನಿಂದ ಗಾಜು ಇಳಿಸಿಕೊಂಡು ಕೈ ಎತ್ತತೊಡಗಿದ. ಪೇಟೆಯನ್ನು ಒಂದು ಸಲ ಹಾದರೆ ಸಾಲದೆಂದು ಮೂರು ಸಲ ಹಾಯಿಸಿದ. ಲಾರಿಗೆಂದು ಕೊಟ್ಟಿದ್ದ ಪೆಟ್ರೋಲ್ ಕೂಪನ್ನುಗಳು ಈ ಮುಜರೆಗೆ ಖರ್ಚಾದವು.

ಅಲ್ಲಿಂದ ಶಿರಹಟ್ಟಿಗೆ ಬಂದೆವು. ತಪ್ಪಾದದ್ದು ಅಲ್ಲಿ. ಅದನ್ನು ಮಾಡಿದ ಕೈ ನನ್ನದು.

ಹಳೆಯ ಕಚೇರಿಯ ಮುಂದೆ ಎಮ್ಮೆಗಳ ಹಿಂಡು ಅಡ್ಡ ಬಂತು. ನಾನು ಗಾಡಿ ನಿಲ್ಲಿಸಿ ಹಾರ್ನ್ ಒತ್ತಿದೆ. ಎಮ್ಮೆಗಳು ಕದಲಲಿಲ್ಲ. ಇನ್ನೊಮ್ಮೆ ಉದ್ದಕ್ಕೆ ಒತ್ತಿದೆ. ಅಷ್ಟೇ. ಓಣಿಗಳಿಂದ ಮಂದಿ ಓಡಿ ಬಂದರು. ಆಮೇಲೆ ತಿಳಿದದ್ದು: ಅಲ್ಲಿಯ ರಾಜರು ಊರಿಗೆ ಬಂದಾಗ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ ಎರಡು ಹಾರ್ನ್ ಹೊಡೆಸುತ್ತಿದ್ದರಂತೆ. ಅಹವಾಲು ಇದ್ದವರು ಅರ್ಜಿ ತರಬಹುದು ಎಂದು ಅದರ ಅರ್ಥ. ಗಾಡಿಯ ಕಿಟಕಿಯಲ್ಲೇ ಅರ್ಜಿ ತೆಗೆದುಕೊಂಡು, ಅಲ್ಲೇ ಹುಕುಂ ಹೇಳುತ್ತಿದ್ದರಂತೆ. ಸಂಸ್ಥಾನ ಹೋಗಿ ವರ್ಷವಾಗಿದ್ದರೂ ಎರಡು ಹಾರ್ನಿನ ಅರ್ಥ ಆ ಊರಿನಿಂದ ಹೋಗಿರಲಿಲ್ಲ.

ನಾನು ಇಳಿದು, ಇದು ಗದಗಿನ ಹತ್ತಿ ಸಾವಕಾರರ ಗಾಡಿ ಎಂದು ಹೇಳಬೇಕೆಂದು ಬಾಗಿಲಿಗೆ ಕೈ ಹಾಕಿದೆ. ಹಿಂದಿನಿಂದ ಅವನು ನನ್ನ ಹೆಗಲು ಒತ್ತಿ ಕೂಡಿಸಿದ. ಅಷ್ಟರಲ್ಲಿ ಒಬ್ಬಾತ ಅರ್ಜಿ ಚಾಚಿದ್ದ. ಸಾವಕಾರ ಅದನ್ನು ತೆಗೆದುಕೊಂಡ. ಅವನಿಗೆ ಆಡಲು ಬರುತ್ತಿದ್ದ ಮರಾಠಿ ಎರಡೇ ಶಬ್ದ. ಅವುಗಳನ್ನು ಗಂಭೀರವಾಗಿ ಆಡಿದ: "ಠೀಕ್ ಆಹೆ." ಸರಿ, ಆಯಿತು ಎಂದು ಅರ್ಥ. ಮರಾಠಿ ರಾಜರ ಬಾಯಲ್ಲಿ ಅದು ಹುಕುಂ. ಎರಡನೆಯವನಿಗೂ ಅದೇ, ಮೂರನೆಯವನಿಗೂ ಅದೇ. ಏಳೆಂಟು ಅರ್ಜಿ ಬಂದವು, ಏಳೆಂಟು ಸಲ ಠೀಕ್ ಆಹೆ ಆಯಿತು. ಜರಿ ರುಮಾಲಿನ ಕೆಳಗೆ ಆ ಮುಖ ಹೊಳೆಯುತ್ತಿದ್ದುದನ್ನು ಕನ್ನಡಿಯಲ್ಲಿ ನೋಡಿದೆ. ಅಷ್ಟು ಅಸಹ್ಯವಾದ ಸಂತೋಷವನ್ನು ನಾನು ಬೇರೆ ಯಾರ ಮುಖದ ಮೇಲೂ ಕಂಡಿಲ್ಲ.

ಕೊನೆಗೆ ಬಂದವಳು ಒಬ್ಬ ಆಯಿ, ಅರವತ್ತು ದಾಟಿದವಳು. ಬೆರಳಿನ ತುದಿಗಳು ನಮ್ಮವ್ವನ ಬೆರಳಿನಂತೆ ನೂಲಿನಿಂದ ಸವೆದಿದ್ದವು. ನೇಕಾರ್ತಿ ಎಂದು ನೋಡಿದ ಕೂಡಲೇ ತಿಳಿಯಿತು. ಗಂಡ ಕಚೇರಿಯ ಪಹರೆಯವನಾಗಿದ್ದನಂತೆ. ಅವನು ಸತ್ತ ಮೇಲೆ, ಬದುಕಿರುವ ತನಕ ಇರು ಎಂದು ರಾಜರು ಕಚೇರಿಯ ಹಿಂದಿನ ಒಂದು ಖೋಲಿಯನ್ನು ಅವಳಿಗೆ ಬರೆದುಕೊಟ್ಟಿದ್ದರು. ಅದರಲ್ಲಿ ಮಗ್ಗ ಹೂಡಿಕೊಂಡು ಬದುಕಿದ್ದಳು. ಹೊಸ ಸರಕಾರ ಬಂದಿದ್ದರಿಂದ, ಕಾಗದ ಇದ್ದವರು ತೋರಿಸಿ, ಇಲ್ಲದವರು ಖಾಲಿ ಮಾಡಿ ಎಂದು ತಾಲೂಕಿನ ಮಾಮಲೇದಾರರು ಹೇಳಿ ಕಳಿಸಿದ್ದರು. ಸೋಮವಾರ ಅವರೇ ಬರುವವರಿದ್ದರು. ಇದನ್ನೆಲ್ಲ ಹೇಳಿ, ಮಡಚಿದ ಕಾಗದ ಕೊಡುತ್ತ ಆಕೆ ಅಂದಳು:

"ಸರಕಾರ, ಇದೊಂದ ಐತ್ರಿ ನನ್ನ ಹಂತ್ಯಾಕ. ಇದರ ಮ್ಯಾಲ ಮತ್ತೊಮ್ಮೆ ಹುಕುಂ ಬರದ ಕೊಡ್ರಿ."

"ಠೀಕ್ ಆಹೆ," ಎಂದ ನಮ್ಮ ಸಾವಕಾರ.

ಆಕೆ ಗಾಡಿಯ ಬಾಗಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎಮ್ಮೆಗಳು ಅಷ್ಟರಲ್ಲಿ ಸರಿದಿದ್ದವು. ಗದಗಿನ ತನಕ ಅವನು ಆ ಅರ್ಜಿಗಳನ್ನು ಒಂದೊಂದಾಗಿ ಬಿಚ್ಚಿ, ತುಟಿ ಅಲುಗಾಡಿಸುತ್ತ ಓದಿ, ನಗುತ್ತಿದ್ದ. ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ಇದು ಮುಂದೆ ಬೇಕಾಗುತ್ತದೆ ಎಂದೇ ಹೇಳುತ್ತಿದ್ದೇನೆ.

ರವಿವಾರ ಮುಂಡರಗಿಗೆ ಹೋದೆವು, ಬೀಗರಿಗೆ ಗಾಡಿ ತೋರಿಸಲಿಕ್ಕೆ. ಹಿಂದಿನ ದಿನ ಸಂಜೆ ಮಳೆಯಾಗಿ ಎರೆ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಊರು ಮುಟ್ಟುವುದರೊಳಗೆ ಗಾಜೆಲ್ಲ ಕೆಸರು. ಮುಂಡರಗಿಯಲ್ಲಿ ಒಬ್ಬನೂ ಮುಜರೆ ಮಾಡಲಿಲ್ಲ. ಸಾವಕಾರ ಕೈ ಎತ್ತಿಕೊಂಡೇ ಬಂದ, ಮಂದಿ ನೋಡಿಕೊಂಡೇ ನಿಂತರು. ಬೀಗರ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಮಾತ್ರ ತಂಬಾಕು ತಿಕ್ಕುತ್ತ, ಯಾರ ಮದುವೆಗೆ ಬಾಡಿಗೆ ತಂದಿರಿ ಎಂದು ಕೇಳಿದರು. ಆ ಹಿರಿಯರ ಕಾಲಿಗೆ ಬೀಳಬೇಕೆನಿಸಿತು.

ಸಾವಕಾರನ ಮುಖ ಸಣ್ಣದಾಯಿತು. ಕೆಸರಿನಿಂದಾಗಿ ಗಾಡಿಯ ಮರ್ಯಾದೆ ಹೋಯಿತೆಂದು ಅವನು ತಿಳಿದ. ಒರೆಸಲಿಕ್ಕೆ ಅರಿವೆ ಇಲ್ಲವೆಂದಾಗ ಸೀಟಿನ ಮೇಲಿದ್ದ ಅರ್ಜಿಗಳ ಕಟ್ಟನ್ನು ನನ್ನ ಕಡೆ ಎಸೆದ.

"ಇವು ಅದಾವಲ್ಲ, ವರಸು. ಜಲ್ದಿ."

ಆಗುವುದಿಲ್ಲ ಎನ್ನಲಿಲ್ಲ. ನಾನು ಬಹಳ ಜಾಣತನ ಮಾಡಿದೆ. ನಾಲ್ಕನೇ ಇಯತ್ತೆ ಓದಿದವನಾದ್ದರಿಂದ ಕನ್ನಡದ ಅಕ್ಷರ ಇದ್ದ ಕಾಗದಗಳನ್ನೆಲ್ಲ ಆರಿಸಿ ಅಂಗಿಯೊಳಗೆ ಸೇರಿಸಿದೆ. ಯಾರ ಅರ್ಜಿಯೂ ಕೆಡಬಾರದು ಎಂದು. ಉಳಿದದ್ದು ಒಂದೇ ಹಾಳೆ, ದಪ್ಪನೆಯದು, ಅಡ್ಡಾದಿಡ್ಡಿ ಎಳೆಗಳದು. ಯಾವುದೋ ಅಂಗಡಿಯ ಹಳೆಯ ಗೀಚಾಟ ಅಂದುಕೊಂಡೆ. ಮೂಲೆಯಲ್ಲಿ ಗುಂಡಗಿನ ಮಸುಕು ಕಲೆ ಇತ್ತು, ಎಣ್ಣೆಯದೆಂದುಕೊಂಡೆ. ದಪ್ಪ ಕಾಗದ ಗಾಜಿಗೆ ಒಳ್ಳೆಯದು. ನೀರು ಹಚ್ಚಿ ತಿಕ್ಕಿ ತಿಕ್ಕಿ ಒರೆಸಿದೆ. ಗಾಜು ಫಳಫಳ ಅಂದಿತು.

ಸಂಜೆ ಮನೆಗೆ ಬಂದು ಅಂಗಿಯೊಳಗಿನ ಕಾಗದ ತೆಗೆದು ದೀಪ ಹಚ್ಚುವ ಹೊತ್ತಿಗೆ ಓದತೊಡಗಿದೆ. ಆಯಿಯ ಅರ್ಜಿ ಯಾರೋ ಬರೆದುಕೊಟ್ಟದ್ದು, ಚಂದದ ಕನ್ನಡ ಅಕ್ಷರ. ಕೊನೆಯ ಸಾಲು ಹೀಗಿತ್ತು: 'ಇದರ ಸಂಗಡ ಮೋಡಿ ಅಕ್ಷರದ ಅಸಲು ಅಪ್ಪಣೆ ಚೀಟಿ ಒಂದು ಜೋಡಿಸಿದೆ.'

ಮೋಡಿ ಅಂದರೆ ಮರಾಠಿಯನ್ನು ಅವಸರದಲ್ಲಿ, ಕೈ ಎತ್ತದೆ ಬರೆಯುವ ಲಿಪಿ. ಸಂಸ್ಥಾನದ ಕಾಗದವೆಲ್ಲ ಅದರಲ್ಲೇ ಇರುತ್ತಿತ್ತು. ನಮ್ಮ ಕಡೆ ಹುಡುಗರ ಅಕ್ಷರ ಕೆಟ್ಟದಾಗಿದ್ದರೆ ಮೋಡಿ ಅಕ್ಷರ ಎಂದು ಬಯ್ಯುತ್ತಿದ್ದರು, ನಾನೂ ಬಯ್ಯಿಸಿಕೊಂಡಿದ್ದೆ. ಆದರೆ ಅದು ಕಣ್ಣೆದುರಿಗೆ ಬಂದಾಗ ಗುರುತಿಸಲಿಲ್ಲ. ಎಣ್ಣೆಯ ಕಲೆಯೆಂದು ತಿಳಿದದ್ದು ರಾಜರ ಮುದ್ರೆಯ ಶಿಕ್ಕೆ. ಉಳಿಸಬೇಕಾದ ಒಂದೇ ಕಾಗದವನ್ನು ಬಿಟ್ಟು ಉಳಿದೆಲ್ಲವನ್ನೂ ಉಳಿಸಿದ್ದೆ... ಓಡಿಹೋಗಿ ಗಾಡಿಯೊಳಗೆ ಹುಡುಕಿದರೆ ಸೀಟಿನ ಕೆಳಗೆ ಕೆಸರಿನ ಉಂಡೆ ಸಿಕ್ಕಿತು. ಬಿಡಿಸಹೋದರೆ ತೊಪ್ಪೆಯಾಗಿ ಕೈಗೆ ಬಂತು.

ಸೋಮವಾರ ಮುಂಜಾನೆ ಗಾಡಿ ಒಯ್ಯಲು ಹುಬ್ಬಳ್ಳಿಯವರು ಬಂದರು. ಬೆಳ್ಳಿಯ ಕುಡಿಕೆಯನ್ನು ನೋಡಿ ಅವರು ಅಂದ ಮಾತು ಬರೆಯುವಂಥದಲ್ಲ. ಗಾಡಿಯ ಸ್ಪ್ರಿಂಗು ತನಗೆ ಮನಸ್ಸಿಗೆ ಬರಲಿಲ್ಲ, ಆದ್ದರಿಂದ ಕೊಳ್ಳುವುದಿಲ್ಲ ಎಂದ ಸಾವಕಾರ. ನಾನು ಸರ್ವಿಸ್ ಮೋಟಾರು ಹತ್ತಿ ಶಿರಹಟ್ಟಿಗೆ ಹೋದೆ. ಮಾಮಲೇದಾರರು ಒಳ್ಳೆಯವರೇ. ನಾನು ಹೇಳಿದ್ದನ್ನೆಲ್ಲ ಕೇಳಿ, ನೀನು ಆ ಕಾಗದ ಓದಿದೆಯಾ ಎಂದರು. ನನಗೆ ಮೋಡಿ ಓದಲು ಬರದು ಎಂದೆ. ಓದಿದವರು ಒಬ್ಬರು ಬಂದು ಅದರಲ್ಲಿ ಹೀಗೆ ಬರೆದಿತ್ತೆಂದು ಹೇಳಲಿ, ಎಂಟು ದಿನ ತಡೆಯುತ್ತೇನೆ ಎಂದರು.

ಓದಿದವನು ಒಬ್ಬನೇ. ಹಳೆಯ ಮುನೀಮನ ಕೈಕೆಳಗೆ ಸಾವಕಾರ ಮೋಡಿ ಕಲಿತಿದ್ದ. ಮಾತಾಡಲು ಬಾರದ ಭಾಷೆಯನ್ನು ಬೆರಳಿಟ್ಟು ಓದುತ್ತಿದ್ದ. ಶನಿವಾರ ಗಾಡಿಯಲ್ಲಿ ತುಟಿ ಅಲುಗಾಡಿಸುತ್ತ ಓದಿದ್ದನ್ನು ನಾನೇ ಕಂಡಿದ್ದೆ. ಓದಿ, ಏನೆಂದು ತಿಳಿದು, ಮರುದಿನ ಅದನ್ನೇ ಗಾಜು ಒರೆಸಲು ಎಸೆದಿದ್ದ. ಎಂಟು ದಿನ ಅವನ ಬೆನ್ನು ಬಿದ್ದೆ. ಒಂದು ದಿನ ತಲೆನೋವೆಂದ, ಒಂದು ದಿನ ಪೇಟೆಯೆಂದ, ಒಂದು ದಿನ ಅಂಥ ಕಾಗದವನ್ನು ನೋಡಿಯೇ ಇಲ್ಲವೆಂದ. ಎಂಟನೆಯ ದಿನ ನಿಜ ಹೇಳಿದ.

"ಏನಂತ ಹೋಗಿ ಹೇಳ್ಲಿಲೇ? ಬ್ಯಾರೇದವರ ಗಾಡ್ಯಾಗ ರಾಜನಂಗ ಕುಂತು ಅರ್ಜಿ ಇಸ್ಕೊಂಡೆ ಅಂತ ಹೇಳ್ಲೇನು? ಮಂದಿ ನಗೂದಿಲ್ಲೇನು? ಮುದುಕಿಗೇನು, ಈ ಖೋಲಿ ಹ್ವಾದ್ರ ಮತ್ತೊಂದು."

ಮಂದಿ ನಗುತ್ತಾರೆ. ಅದಕ್ಕಾಗಿ ಒಂದು ಜೀವದ ಆಸರೆ ಹೋಯಿತು. ಅವನು ದುಷ್ಟನಾಗಿದ್ದರೆ ನನಗೆ ಇಷ್ಟು ಹೇಸಿಕೆ ಬರುತ್ತಿರಲಿಲ್ಲ. ದುಷ್ಟನಾಗುವಷ್ಟು ದೊಡ್ಡವನೂ ಅಲ್ಲ ಅವನು.

ನಾನು ಶಿರಹಟ್ಟಿ ಮುಟ್ಟಿದಾಗ ಆಯಿಯ ಮಗ್ಗದ ಕಟ್ಟಿಗೆಗಳು ಓಣಿಯಲ್ಲಿದ್ದವು. ಪಾತ್ರೆ, ಕೌದಿ, ನೂಲಿನ ಬುಟ್ಟಿ, ಎಲ್ಲ ಹೊರಗೆ. ಖೋಲಿಯೊಳಗೆ ಉಳಿದಿದ್ದದ್ದು ಕಾಲು ಇಳಿಬಿಡುವ ಕುಣಿ ಒಂದೇ. ಅದನ್ನು ಹೊರಗೆ ಇಡಲಿಕ್ಕೆ ಬರುವುದಿಲ್ಲವಲ್ಲ. ಮೂವತ್ತು ವರ್ಷ ಅವಳ ಪಾದಗಳು ಇದ್ದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಆಯಿ ಬುಟ್ಟಿಯ ಪಕ್ಕದಲ್ಲಿ ಕೂತು ರಸ್ತೆ ನೋಡುತ್ತಿದ್ದಳು. ನನ್ನ ಗುರುತು ಹಿಡಿದು ನಕ್ಕಳು. ಗಾಡಿ ಎಲ್ಲಿ ಎಂದು ಕೇಳಿದಳು.

ಅವನು ರಾಜನಲ್ಲ, ಗದಗಿನ ಹತ್ತಿ ಸಾವಕಾರ ಎಂದು ಹೇಳಿದೆ. ನಂಬಲಿಲ್ಲ. ಆಣೆ ಮಾಡಿ ಹೇಳಿದೆ. ನನಗೇ ಸಮಾಧಾನ ಹೇಳತೊಡಗಿದಳು.

"ಎರಡ ಹಾರ್ನ್ ಆತಲ್ಲ ತಮ್ಮಾ. ಒಳಗಿಂದ ಠೀಕ್ ಆಹೆ ಅಂದ್ರು. ನಾ ಕಿವಿಯಾರೆ ಕೇಳೀನಿ. ನೀ ಯಾಕ ಹೆದರ್ತಿ, ಕಾಗದ ಅವರ ಕಡೆ ಐತಿ, ಬರ್ತೈತಿ."

ಹಾರ್ನ್ ಹೊಡೆದವನು ನಾನು. ಕಾಗದ ಹಾಳು ಮಾಡಿದವನೂ ನಾನು. ಎರಡನ್ನೂ ಹೇಳಲು ಬಾಯಿ ತೆರೆದೆ. ಬಂದ ಮಾತು ಬೇರೆಯೇ: ಆ ಕಾಗದವನ್ನು ಸಾವಕಾರ ಕಳೆದುಬಿಟ್ಟ ಎಂದೆ. ಆಕೆ ತಲೆ ಅಲ್ಲಾಡಿಸಿದಳು, ಮತ್ತೆ ರಸ್ತೆ ನೋಡಿದಳು. ಆಮೇಲೆ ಆಕೆಯ ತಂಗಿಯ ಮಗಳು ಬಂದು ಅವಳನ್ನು ಕರೆದುಕೊಂಡು ಹೋದಳಂತೆ. ಅಲ್ಲಿ ಮಗ್ಗ ಹೂಡಲು ಜಾಗ ಇರಲಿಲ್ಲ. ನಾಲ್ಕು ವರ್ಷ ಇದ್ದು ತೀರಿಕೊಂಡಳೆಂದು ತಿಳಿಯಿತು. ಯಾವುದಾದರೂ ಮೋಟಾರಿನ ಸಪ್ಪಳ ಕೇಳಿದರೆ ಹೊರಗೆ ಬಂದು ನಿಲ್ಲುತ್ತಿದ್ದಳಂತೆ...

ನಾನು ಸಾವಕಾರನ ಕೆಲಸ ಬಿಟ್ಟೆನೇ? ಬಿಡಲಿಲ್ಲ. ಅವನನ್ನು ಮನಸ್ಸಿನಲ್ಲೇ ಬಯ್ಯುತ್ತ ಅವನ ಲಾರಿಯನ್ನೇ ಓಡಿಸಿದೆ. ಹೊಟ್ಟೆಪಾಡು ಎಂದು ಹೇಳಿಕೊಳ್ಳುತ್ತಿದ್ದೆ. ಆದರೆ ಬೆಟಗೇರಿಯಲ್ಲಿ ನಮ್ಮ ಮನೆಯ ಮಗ್ಗ ಇದ್ದೇ ಇತ್ತು.

ಕನ್ನಡ ನಾಡು ಒಂದಾದ ದಿನ ಗದಗಿನಲ್ಲಿ ದೊಡ್ಡ ಮೆರವಣಿಗೆ. ನನ್ನ ಲಾರಿಗೆ ಬಾಳೆಕಂಬ ಕಟ್ಟಿ ಅದನ್ನೇ ವೇದಿಕೆ ಮಾಡಿದ್ದರು. ನಿಜವಾಗಿ ಲಾಠಿ ತಿಂದವರು, ಜೇಲಿಗೆ ಹೋದವರು ಕೆಳಗೆ ಮಂದಿಯೊಳಗೆ ನಿಂತಿದ್ದರು. ಮೇಲೆ ಮೈಕಿನ ಮುಂದೆ ನಮ್ಮ ಸಾವಕಾರ, ಈ ಸಲ ಹೊಸ ರುಮಾಲು. ಕನ್ನಡವೇ ತನ್ನ ಉಸಿರು ಎಂದ. ಮರಾಠಿಗರ ದರ್ಪದ ಕೆಳಗೆ ನಮ್ಮ ಬಡವರು ಎಷ್ಟು ನೊಂದರೆಂದು ಗದ್ಗದನಾದ. ಮಂದಿ ಚಪ್ಪಾಳೆ ತಟ್ಟಿದರು. ಇಳಿದು ಬಂದು, ಎಲೆಯಡಿಕೆ ಬಾಯಿಗಿಟ್ಟುಕೊಂಡು, ಸ್ಟೀಯರಿಂಗಿನ ಹಿಂದೆ ಕೂತಿದ್ದ ನನ್ನನ್ನು ಕೇಳಿದ:

"ಹೆಂಗಾತಲೇ ಭಾಷಣ?"

"ಠೀಕ್ ಆಹೆ," ಎಂದೆ.

ಅವನ ದವಡೆ ನಿಂತಿತು. ಮರೆತಿದ್ದಾನೆಂದು ನಾನು ತಿಳಿದಿದ್ದೆ. ಮರೆತಿರಲಿಲ್ಲ. ಒಂದು ಕ್ಷಣ ಆ ಮುಖದಲ್ಲಿ ಮನುಷ್ಯನಂಥದು ಏನೋ ಬಂದು ಹೋದದ್ದನ್ನು ಕಂಡೆ, ಇಲ್ಲವೆನ್ನುವುದಿಲ್ಲ. ಆಮೇಲೆ ಪಕ್ಕಕ್ಕೆ ಉಗುಳಿ ನಡೆದುಬಿಟ್ಟ. ಮರುದಿನ ನನ್ನ ಲಾರಿಯಲ್ಲಿ ಬೇರೆ ಡ್ರೈವರ್ ಕೂತಿದ್ದ. ನಾನು ಎಂದೋ ಬಿಡಬೇಕಾಗಿದ್ದ ಕೆಲಸವನ್ನು ಅವನೇ ಬಿಡಿಸಿದ.

ಅವನು ಸತ್ತಾಗ ನಾನು ಮಣ್ಣಿಗೆ ಹೋಗಲಿಲ್ಲ. ಅವನನ್ನು ಬಯ್ಯುವುದು ಸುಲಭ, ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ. ಆಯಿಯ ಕನ್ನಡದ ಅರ್ಜಿ ಮಾತ್ರ ಇನ್ನೂ ನನ್ನ ಟ್ರಂಕಿನಲ್ಲಿದೆ. ಯಾತಕ್ಕೂ ಬಾರದ ಕಾಗದ, ಒಂದು ಸುಕ್ಕೂ ಇಲ್ಲದಂತೆ ಕಾಪಾಡಿದ್ದೇನೆ.

ಹೊಂಬಳದಲ್ಲಿ ಮದುಮಗನ ಅಪ್ಪ ಕಾರಿನ ಕಿಟಕಿಯಲ್ಲಿ ಬಗ್ಗಿ, ಹಾರ್ನ್ ಹೊಡೆದು ನೋಡಿ ಅಜ್ಜಾ, ಎಷ್ಟು ಇಂಪಾಗಿದೆ ಎಂದು ಒತ್ತಾಯ ಮಾಡಿದ. ಕೈ ಇಟ್ಟು ಒಮ್ಮೆ ಒತ್ತಿದೆ. ಇನ್ನೊಮ್ಮೆ ಒತ್ತಿರಿ ಎಂದ. ನಾನು ಕೈ ತೆಗೆದು, ಬಾಗಿಲು ತೆರೆದು ಇಳಿದೆ. ಹಂದರದ ಕಡೆಯಿಂದ ಒಬ್ಬ ಮುದುಕಿ ಈ ಕಡೆಗೇ ಬರುತ್ತಿದ್ದಳು, ಕೈಯಲ್ಲಿ ಏನೋ ಮಡಚಿದ್ದು ಇತ್ತು. ಹತ್ತಿರ ಬಂದಾಗ ನೋಡಿದೆ, ಎಲೆಯಡಿಕೆಯ ಪೊಟ್ಟಣ. ಅದನ್ನು ತೆಗೆದುಕೊಳ್ಳಲಿಕ್ಕೆ ನಾನು ಆಗಲೇ ಕೈ ಚಾಚಿದ್ದೆ.